ಹೆಬ್ಬೆಟ್ಟು ಬ್ಯಾಚ್

ನಮ್ಮ ಎದುರುಮನೆ ಮೇಡಂದು ಎಡಹುಬ್ಬು ಬಲಹುಬ್ಬಿಗಿಂತ ಅರ್ಧ ಬೆರಳು ಮೇಲಿತ್ತು. ಹುಟ್ಟಿದಾಗಿಂದ ಹಂಗಿರ್ಲಿಲ್ವಂತೆ. ವರ್ಷಗಟ್ಲೆ ಪಿಯುಸಿ ಹುಡುಗರ ಉತ್ತರ ಕೇಳಿ ಕೇಳಿ, ಪ್ರತಿ ಸಲ ಹತ್ತಿ ಇಳಿಯೋದು ಯಾಕೆ ಅಂತ ಅದು ಅಲ್ಲೇ ಮನೆ ಮಾಡ್ಕೊಂಡುಬಿಟ್ಟಿತ್ತು. ಆ ಹುಬ್ಬು ಇನ್ನೂ ಮೇಲಕ್ಕೇರಿ, ಹಣೆ ದಾಟಿ, ಕೂದಲೊಳಗೆ ಹೋಗಿ ಕಾಣೆಯಾಗಿದ್ದು ಒಂದೇ ಸಲ. ಆ ಕೀರ್ತಿ ನಂದು. ಮೊದಲೇ ಒಪ್ಕೊಂಡ್ಬಿಡ್ತೀನಿ: ನಮ್ಮಕ್ಕನ ನಿಶ್ಚಿತಾರ್ಥದಲ್ಲಿ, ಪುರೋಹಿತರು ಲಗ್ನಪತ್ರಿಕೆ ಓದ್ತಿದ್ದಾಗ, ತುಂಬಿದ ಮನೇನ ಕತ್ತಲೆ ಮಾಡಿದವನು ನಾನು. ಅದೂ ಸುಮ್ನೆ ಅಲ್ಲ, ಲೆಕ್ಕ ಹಾಕಿ ಮಾಡಿದ್ದು. ಲೆಕ್ಕ ಬರಲ್ಲ ಅಂತ ತೆಪ್ಪಗೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ.

ಮೇಡಂ ಕಾಲೇಜಲ್ಲಿ ಫಿಸಿಕ್ಸ್ ಹೇಳ್ಕೊಡ್ತಿದ್ರು. ಅವರ ಯಜಮಾನ್ರು ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ. ಜೀವನ್ ಬಿಮಾ ನಗರದಲ್ಲಿ ನಮ್ಮ ಗೇಟು, ಅವರ ಗೇಟು ಎದುರುಬದುರು. ಮಧ್ಯೆ ಒಂದು ರಸ್ತೆ, ಅದರ ಮಧ್ಯೆ ಒಂದು ನಾಯಿ. ಆ ನಾಯಿಗೂ ಮೇಡಂ ಅಂದ್ರೆ ಮರ್ಯಾದೆ. ಯಾಕಂದ್ರೆ ಮೇಡಂ ಅದನ್ನ ನಮ್ಮನ್ನೆಲ್ಲ ನೋಡೋ ಥರಾನೇ ನೋಡ್ತಿದ್ರು, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ.

ಜನರನ್ನ ಕೀಳಾಗಿ ನೋಡೋದು ಅವರಿಗೆ ಉಸಿರಾಡಿದಷ್ಟು ಸಲೀಸು. ಟಿವಿ ವಾರ್ತೆ ಓದೋರಿಂದ ಹಿಡಿದು ಸೊಪ್ಪಿನವನ ತಕ್ಕಡಿ ತನಕ ಯಾವುದೂ ಅವರ ಮಟ್ಟಕ್ಕೆ ಬರ್ತಿರ್ಲಿಲ್ಲ. ಸಂಜೆ ಹೊತ್ತು ಕರೆಂಟ್ ಹೋದ್ರೆ ನಮ್ಮ ರಸ್ತೆಯ ಎಲ್ಲಾ ಮನೆಯಿಂದ "ಓಓ..." ಅಂತ ಕೂಗು ಬರೋದು. ಎದುರುಮನೆಯಿಂದ ಮಾತ್ರ ವೈವಾ ಶುರುವಾಗೋದು.

"ಕರೆಂಟ್ ಹೋಯ್ತು ಕಣೆ," ಅಂತ ಯಜಮಾನ್ರ ದನಿ.

"ಯಾವುದು ಹೋಯ್ತು, ಸರಿಯಾಗಿ ಹೇಳಿ."

ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕೋ ಸದ್ದು. ಆಮೇಲೆ ಪಾಪ, ಆ ಮನುಷ್ಯ, ಇಡೀ ದಿನ ಆಫೀಸಲ್ಲಿ ಜನರಿಂದ ಸಾರ್ ಸಾರ್ ಅನ್ನಿಸ್ಕೊಂಡು ಬಂದೋರು, "ವೋಲ್ಟೇಜ್ ಹೋಯ್ತು ಕಣೆ. ಅದಕ್ಕೆ ಕರೆಂಟ್ ಹರೀತಿಲ್ಲ," ಅಂತ ಪಾಠ ಒಪ್ಪಿಸೋರು. ಆಗ ಮೇಣದಬತ್ತಿ ಎಲ್ಲಿದೆ ಅನ್ನೋದನ್ನ ಮೇಡಂ ಹೇಳೋರು.

ಇಂಥವರ ಕೈಗೆ ನಾನು ಸಿಕ್ಕಿದ್ದು ಸೆಕೆಂಡ್ ಪಿಯು ಫಿಸಿಕ್ಸಲ್ಲಿ ಡುಮ್ಕಿ ಹೊಡೆದ ಮೇಲೆ. ಅದಕ್ಕೆ ಮುಂಚೆ ಇಂದಿರಾನಗರದಲ್ಲಿ ಬೇಕರಿ ಮೇಲಿದ್ದ ಒಂದು ಟ್ಯುಟೋರಿಯಲ್‌ಗೆ ಹೋಗ್ತಿದ್ದೆ. ಕೆಳಗಿಂದ ಬರೋ ದಿಲ್‌ಪಸಂದ್ ವಾಸನೆಗೆ ಅರ್ಧ ಕ್ಲಾಸ್ ನಿದ್ದೆ, ಇನ್ನರ್ಧ ಹಸಿವು. ಅಲ್ಲಿನ ಸಾರ್ ಒಂದು ತ್ರಿಕೋನ ಹೇಳ್ಕೊಟ್ಟಿದ್ರು. ಮೇಲೆ ವಿ ಅಂದ್ರೆ ವೋಲ್ಟೇಜು, ಕೆಳಗೆ ಐ ಅಂದ್ರೆ ಕರೆಂಟು, ಆರ್ ಅಂದ್ರೆ ರೆಸಿಸ್ಟೆನ್ಸು. ಯಾವುದು ಬೇಕೋ ಅದರ ಮೇಲೆ ಹೆಬ್ಬೆಟ್ಟು ಇಟ್ಟು ಮುಚ್ಚಬೇಕು, ಉಳಿದಿದ್ದೇ ಉತ್ತರ. ವಿ ಮುಚ್ಚಿದ್ರೆ ಐ ಇಂಟು ಆರ್. ಆರ್ ಮುಚ್ಚಿದ್ರೆ ವಿ ಬೈ ಐ. "ತಲೆ ಉಪಯೋಗಿಸಬೇಡ್ರೋ, ಹೆಬ್ಬೆಟ್ಟು ಉಪಯೋಗಿಸ್ರೋ," ಅನ್ನೋರು ಸಾರ್. ನನಗೆ ಜೀವನದಲ್ಲಿ ಮೊದಲನೇ ಸಲ ಒಬ್ಬ ಗುರು ಮನಸ್ಸಿಗೆ ಹಿಡಿಸಿದ್ದು ಆವಾಗ್ಲೇ.

ಅಮ್ಮ ನನ್ನನ್ನ ಎದುರುಮನೆಗೆ ಎಳ್ಕೊಂಡು ಹೋದ್ಲು. "ಮೇಡಂ, ಹೆಂಗಾದ್ರೂ ಮಾಡಿ ಇವನನ್ನ ಒಬ್ಬ ಮನುಷ್ಯನ್ನ ಮಾಡಿ."

"ಫಿಸಿಕ್ಸ್ ಹೇಳ್ಕೊಡ್ತೀನಿ. ಮನುಷ್ಯನ್ನ ಮಾಡೋದು ಸಿಲೆಬಸ್ಸಲ್ಲಿಲ್ಲ," ಅಂದ್ರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ಕರೆಂಟ್ ಅಂದ್ರೇನು?"

"ಪವರ್, ಮೇಡಂ."

"ಪವರ್ ಅಂದ್ರೆ?"

"ಕರೆಂಟು."

"ವೋಲ್ಟೇಜು?"

"ಅದು ಸಂಜೆ ಹೊತ್ತು ಕಮ್ಮಿ ಇರತ್ತೆ ಮೇಡಂ. ಟ್ಯೂಬ್‌ಲೈಟ್ ಹತ್ಕೊಳ್ಳಲ್ಲ."

ನಗಬೇಡಿ. ನಮ್ಮ ಮನೇಲಿ ಕರೆಂಟ್ ಹೋಯ್ತು ಅಂದ್ರೂ ಪವರ್ ಹೋಯ್ತು ಅಂದ್ರೂ ಹುಡುಕೋದು ಅದೇ ಮೇಣದಬತ್ತೀನ. ಎರಡಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಯಾರು ಹೇಳಿದ್ರು? ಮೇಡಂ ಹುಬ್ಬು ಮೇಲೆ ಹೋಯ್ತು. ರೆಸಿಸ್ಟೆನ್ಸ್ ಕಂಡುಹಿಡಿ ಅಂದ್ರು. ನಾನು ತ್ರಿಕೋನ ಬರೆದು ಹೆಬ್ಬೆಟ್ಟು ಇಟ್ಟೆ. ಮೇಡಂ ಆ ಹೆಬ್ಬೆಟ್ಟನ್ನ ಜಿರಲೆ ನೋಡಿದಂಗೆ ನೋಡಿದ್ರು.

"ಓದು ಬರಹ ಬರ್ದೇ ಇರೋರು ಹೆಬ್ಬೆಟ್ಟು ಒತ್ತುತಾರೆ, ಅದರಲ್ಲೇನೂ ತಪ್ಪಿಲ್ಲ. ನೀನು ಅಕ್ಷರ ಕಲಿತು, ಆ ಅಕ್ಷರ ಮುಚ್ಚೋಕೆ ಹೆಬ್ಬೆಟ್ಟು ಒತ್ತುತಿದ್ದೀಯಲ್ಲ!"

ಅವತ್ತಿಂದ ನಾನು ಹೆಬ್ಬೆಟ್ಟು. ಆ ಟ್ಯುಟೋರಿಯಲ್ಲಿಂದ ಮೇಡಂ ಹತ್ರ ಪಾಠಕ್ಕೆ ಬಂದವರೆಲ್ಲ ಸೇರಿ ಹೆಬ್ಬೆಟ್ಟು ಬ್ಯಾಚು. ಅದಕ್ಕೆ ನಾನು ಲೀಡರ್ರು.

ಅವರ ಮನೇಲಿ ಲೆಕ್ಕ ಪುಸ್ತಕದಿಂದ ಬರ್ತಿರ್ಲಿಲ್ಲ. ಇಸ್ತ್ರಿಪೆಟ್ಟಿಗೆ ತಿರುಗಿಸಿ ನನ್ನ ಮುಂದೆ ಇಟ್ರು. ಅದರ ಮೈಮೇಲೆ ಏಳುನೂರೈವತ್ತು ವಾಟ್, ಇನ್ನೂರ ಮೂವತ್ತು ವೋಲ್ಟ್ ಅಂತ ಬರೆದಿತ್ತು. "ಎಷ್ಟು ಕರೆಂಟ್ ಎಳೆಯತ್ತೆ?" ನಾನು ಎರಡನ್ನೂ ಗುಣಿಸಿ, ಒಂದು ಲಕ್ಷದ ಎಪ್ಪತ್ತೆರಡು ಸಾವಿರದ ಐನೂರು ಆಂಪಿಯರ್ ಅಂದೆ. ಐನೂರನ್ನ ಒಂಚೂರು ಒತ್ತಿ ಹೇಳಿದೆ, ನಿಖರವಾಗಿ ಇರ್ಲಿ ಅಂತ.

"ಉತ್ತರದ ಮುಖ ನೋಡು," ಅಂದ್ರು ಮೇಡಂ. ಇದು ಅವರ ಮಾತು. ದಿನಕ್ಕೆ ಎಷ್ಟು ಸಲ ಹೇಳ್ತಿದ್ರೋ ದೇವ್ರಿಗೇ ಗೊತ್ತು. "ಲೆಕ್ಕ ಮುಗೀತು ಅಂತ ಎದ್ದು ಓಡಬೇಡ. ಉತ್ತರ ಬಂದ್ಮೇಲೆ ಅದರ ಮುಖ ನೋಡು. ಇಷ್ಟು ಕರೆಂಟ್ ಎಳೆಯೋ ಪೆಟ್ಟಿಗೇಲಿ ಷರಟು ಇಸ್ತ್ರಿ ಮಾಡಲ್ಲಪ್ಪ, ಹಲಸೂರು ಕೆರೆ ಕುದಿಸ್ತಾರೆ."

ಪವರ್ ಅಂದ್ರೆ ವೋಲ್ಟೇಜ್ ಇಂಟು ಕರೆಂಟು. ಹಂಗಾಗಿ ಕರೆಂಟ್ ಬೇಕು ಅಂದ್ರೆ ವಾಟನ್ನ ವೋಲ್ಟಿಂದ ಭಾಗಿಸಬೇಕು: ಮೂರೂಕಾಲು ಆಂಪಿಯರ್. ಆಮೇಲೆ ವೋಲ್ಟನ್ನ ಆ ಕರೆಂಟಿಂದ ಭಾಗಿಸಿದ್ರೆ ರೆಸಿಸ್ಟೆನ್ಸು: ಎಪ್ಪತ್ತು ಓಮ್ ಚಿಲ್ಲರೆ. ಇಷ್ಟೇ ವಿಷಯ. ಇದು ನನ್ನ ತಲೆಗೆ ಇಳಿಯೋ ಹೊತ್ತಿಗೆ ಒಳಗೆ ಕಾಫಿ ಆರಿ ನೀರಾಗಿತ್ತು. ಉತ್ತರ ಸರಿ ಬರೋ ತನಕ ಅವರ ಮನೇಲಿ ಕಾಫಿ ಇಲ್ಲ. ಅಲ್ಲಿಗೆ ಹೋದ ಅಷ್ಟೂ ತಿಂಗಳಲ್ಲಿ ನಾನು ಬಿಸಿ ಕಾಫಿ ಕುಡಿದಿದ್ದೇ ನೆನಪಿಲ್ಲ.

ಒಂದ್ಸಲ ಜಾಣತನ ತೋರಿಸೋಣ ಅಂತ, "ಮೇಡಂ, ಇದು ಶಿವಾಜಿನಗರದ ಬಸ್ ಥರ ಅಲ್ವಾ? ಒಳಗೆ ಹೋಗ್ರೀ ಒಳಗೆ ಹೋಗ್ರೀ ಅಂತ ತಳ್ಳೋ ಕಂಡಕ್ಟರ್ ವೋಲ್ಟೇಜು, ಫುಟ್‌ಬೋರ್ಡಲ್ಲಿ ಅಡ್ಡ ನಿಂತಿರೋ ಜನ ರೆಸಿಸ್ಟೆನ್ಸು, ಅಷ್ಟರಲ್ಲೂ ನುಗ್ಗಿದವರು ಕರೆಂಟು," ಅಂದೆ. ಮೇಡಂ ಪೂರ್ತಿ ಕೇಳಿಸ್ಕೊಂಡ್ರು. "ಪರವಾಗಿಲ್ಲ, ಕಂಡಕ್ಟರ್ ಕೆಲಸಕ್ಕೆ ಆಗ್ತೀಯ. ಈಗ ಲೆಕ್ಕ ಮಾಡು."

ಈಗ ಅಕ್ಕನ ವಿಷಯ. ಅಕ್ಕನಿಗೆ ಇದಕ್ಕೆ ಮುಂಚೆ ಒಂದು ಸಂಬಂಧ ಹೆಚ್ಚುಕಮ್ಮಿ ಗಟ್ಟಿಯಾಗಿ ತಪ್ಪಿಹೋಗಿತ್ತು. ಹುಡುಗನ ಕಡೆಯೋರು ನಮ್ಮ ಮನೆಗೆ ಹೊರಟಾಗ ಬೆಕ್ಕು ಅಡ್ಡ ಬಂತಂತೆ. ಆ ಗಂಡಸರು ಬೆಕ್ಕಿನ ಮಾತು ಕೇಳಿ ವಾಪಸ್ ಹೋದ್ರು. ಅಕ್ಕ ಹದಿನೈದು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ. ಈಗ ಬಂದಿದ್ದ ಹುಡುಗ ಕೆ.ಆರ್. ಪುರಂ ಕಡೆಯವನು, ಫ್ಯಾಕ್ಟರೀಲಿ ಕೆಲಸ. ಅಕ್ಕನಿಗೆ ಇಷ್ಟ ಆಗಿದ್ದ. ಎಷ್ಟು ಅಂದ್ರೆ, ನಾನು ರೇಗಿಸಿದ್ರೆ ಹೊಡೀತಿರ್ಲಿಲ್ಲ, ನಗ್ತಿದ್ಲು. ಆದ್ರೆ ಆ ಮನೇಲಿ ಎಲ್ಲಾ ಒಬ್ಬ ಅಜ್ಜಿಯ ಮಾತಿನ ಮೇಲೆ. ಹುಡುಗನ ಅಪ್ಪನ ತಾಯಿ. ಆಯಮ್ಮ ಹಲ್ಲಿ ಲೊಚಗುಟ್ಟಿದ್ರೆ ದಿಕ್ಕು ನೋಡೋರು, ಸೀನಿದ್ರೆ ಕೂತ್ಕೊಂಡು ಏಳೋರು. ಅಮ್ಮ ಅಂತೂ ವಾರದಿಂದ ಬೀದಿ ಬೆಕ್ಕುಗಳಿಗೆಲ್ಲ ನಮ್ಮ ಹಿತ್ತಲಲ್ಲೇ ಹಾಲು ಇಡ್ತಿದ್ಲು, ಮುಂಬಾಗಿಲ ಕಡೆ ಬರದೇ ಇರ್ಲಿ ಅಂತ.

ನಿಶ್ಚಿತಾರ್ಥ ಸಂಜೆ, ನಮ್ಮ ಮನೆ ಹಾಲಲ್ಲೇ. ಶಿವಾಜಿನಗರದಿಂದ ವಿಡಿಯೋದವನು ಬಂದ. ಆಗೆಲ್ಲ ವಿಡಿಯೋ ಅಂದ್ರೆ ಜೊತೆಗೆ ಹ್ಯಾಲೋಜನ್ ಲೈಟು, ಒಂದೊಂದು ಸಾವಿರ ವಾಟಿಂದು. ಅದನ್ನ ಮುಖಕ್ಕೆ ಹಿಡಿದ್ರೆ ಮದುವೆ ಹೆಣ್ಣು ಕಳ್ಳತನ ಒಪ್ಕೊಳ್ಳೋಳ ಥರ ಕಾಣೋಳು. ಅವನು ಅಂಥವು ಎರಡು ತಂದಿದ್ದ.

"ಬಾಸ್, ಎರಡು ಲೈಟ್ ಹಾಕಿದ್ರೆ ಮನೆ ಲೋಡ್ ತಡೆಯತ್ತಾ? ಆಮೇಲೆ ನಮ್ದುಕ್ಕೆ ಬೈಬಾರ್ದು."

"ಒಂದ್ನಿಮಿಷ ಗುರು, ಲೆಕ್ಕ ಹಾಕ್ತೀನಿ," ಅಂದೆ ನಾನು. ಸುತ್ತ ನೆಂಟರ ಹುಡುಗೀರಿದ್ರು ನೋಡಿ. ಜೇಬಿಂದ ಪೆನ್ ತೆಗೆದು ಎಡ ಅಂಗೈಮೇಲೆ ತ್ರಿಕೋನ ಬರೆದೆ. ಮೇಲೆ ವಿ. ಕೆಳಗೆ ಐ. ಆರ್ ಜಾಗದಲ್ಲಿ ಈಗ ಪವರ್ ಬೇಕಲ್ಲ, ಅಲ್ಲಿ ಪಿ ಕೂರಿಸಿದೆ. ತಿಂಗಳುಗಟ್ಲೆ ಮೇಡಂ ಹತ್ರ ಬೈಸ್ಕೊಂಡು ಕಲ್ತಿದ್ದೆಲ್ಲ ಹುಡುಗೀರ ಮುಂದೆ ಆವಿಯಾಗಿತ್ತು. ಐ ಮೇಲೆ ಹೆಬ್ಬೆಟ್ಟು ಇಟ್ಟೆ. ಉಳಿದಿದ್ದು ವಿ ಬೈ ಪಿ. ಇನ್ನೂರ ಮೂವತ್ತು ಬೈ ಸಾವಿರ. "ಒಂದು ಲೈಟಿಗೆ ಕಾಲು ಆಂಪಿಯರೂ ಬರಲ್ಲ ಗುರು. ಬೇಕಾದ್ರೆ ಇನ್ನೆರಡು ತಂದು ಹಾಕು!"

ಮುಂದಿನ ಸಾಲಲ್ಲಿ ರೇಷ್ಮೆ ಸೀರೆ ಉಟ್ಕೊಂಡು ಕೂತಿದ್ದ ಮೇಡಂ, ಎರಡು ಹ್ಯಾಲೋಜನ್ ನೋಡಿದ್ರು. ನನ್ನ ನೋಡಿದ್ರು. "ಲೆಕ್ಕ ಹಾಕಿದ್ದೀಯಾ?"

"ಹಾಕಿದ್ದೀನಿ ಮೇಡಂ."

"ಮುಖ ನೋಡಿದ್ಯಾ?"

"ಓ, ನೋಡಿದೆ ಮೇಡಂ." ನೋಡಿದ್ದೆ. ಉತ್ತರದ್ದಲ್ಲ, ಹುಡುಗೀರದ್ದು.

ಶುರುವಲ್ಲಿ ವಿಡಿಯೋದವನು ಒಂದೇ ಲೈಟ್ ಹಾಕಿದ್ದ, ಎಲ್ಲಾ ಚೆನ್ನಾಗೇ ಇತ್ತು. ಪುರೋಹಿತರು ಲಗ್ನಪತ್ರಿಕೆ ಕೈಗೆ ತಗೊಂಡ್ರು. ಇದೇ ಮೇನ್ ಸೀನ್ ಅಂತ ವಿಡಿಯೋದವನು ಎರಡನೇ ಲೈಟೂ ಹಾಕಿದ. ಪುರೋಹಿತರು ಹುಡುಗನ ವಂಶವೆಲ್ಲ ಓದಿ ಮುಗಿಸಿ, ಅಕ್ಕನ ಹೆಸರಿನ ಮೊದಲನೇ ಅಕ್ಷರ ಬಾಯಿಗೆ ತಂದ್ರು ನೋಡಿ, ಟಪ್! ಲೈಟು, ಫ್ಯಾನು, ಹಾಡಿನ ಕ್ಯಾಸೆಟ್ಟು ಎಲ್ಲಾ ಒಂದೇ ಉಸಿರಿಗೆ ನಿಂತವು.

ಆ ಮೌನದಲ್ಲಿ ಅಜ್ಜಿಯ ದನಿ ಎದ್ದಿತು. "ಅಯ್ಯೋ ಶಿವನೇ, ಹೆಣ್ಣಿನ ಹೆಸರು ಹೇಳೋವಾಗ್ಲೇ ದೀಪ ಹೋಯ್ತಲ್ಲಪ್ಪಾ!"

ಮನೇಲಿ ದೇವರ ದೀಪ ನಂದಿಸಬೇಕಾದ್ರೂ ಶಾಂತ ಮಾಡು ಅಂತೀವಿ, ಆರಿಸು ಅನ್ನಲ್ಲ. ಅಂಥದ್ರಲ್ಲಿ ನಿಶ್ಚಿತಾರ್ಥದ ದಿನ ದೀಪ ಹೋಯ್ತು ಅನ್ನೋ ಮಾತು. ಗಂಡಿನ ಕಡೆಯಿಂದ ಪಿಸಪಿಸ ಶುರುವಾಯ್ತು. ಕುರ್ಚಿ ಸರಿದ ಸದ್ದು ಕೇಳಿಸ್ತು. ಕತ್ತಲಲ್ಲಿ ಅಕ್ಕ ನನ್ನ ತೋಳು ಹಿಡ್ಕೊಂಡ್ಲು. ಕೈ ಮಂಜುಗಡ್ಡೆ ಥರ ಇತ್ತು. ಅಷ್ಟು ಹೊತ್ತು ನನಗೆ ಇದೆಲ್ಲ ನೋಡಿ ಬರೀ ನಗು ಬರ್ತಿತ್ತು, ಆ ಕೈ ತಾಗಿದ್ಮೇಲೆ ಅದೂ ಬರ್ಲಿಲ್ಲ.

"ಯಾವುದು ಹೋಯ್ತು, ಸರಿಯಾಗಿ ಹೇಳಿ."

ಮೇಡಂ! ಕಾಲೇಜಿನ ದನೀಲೇ ಎದ್ದು ನಿಂತಿದ್ರು. "ಅಜ್ಜಿ, ದೀಪ ಎಲ್ಲೂ ಹೋಗಿಲ್ಲ. ಅಲ್ಲಿ ನೋಡಿ, ದೇವರ ಮುಂದೆ ಉರೀತಾ ಇದೆ, ಕುಡಿ ಕೂಡ ಅಲುಗಿಲ್ಲ. ಹೋಗಿರೋದು ಫ್ಯೂಸು. ಅದಕ್ಕೆ ಕಾರಣ ಗ್ರಹಚಾರ ಅಲ್ಲ, ಈ ಹುಡುಗ."

ಎಲ್ಲರೂ ಮೊದಲು ದೀಪದ ಕಡೆ ನೋಡಿದ್ರು, ಆಮೇಲೆ ನನ್ನ ಕಡೆ. ಯಾರೋ ಟಾರ್ಚ್ ಬಿಟ್ರು, ಸರಿಯಾಗಿ ನನ್ನ ಮುಖಕ್ಕೆ.

"ಬಾ ಇಲ್ಲಿ. ಎಲ್ಲಿ ಹಾಕಿದ್ದೆ ಲೆಕ್ಕ?"

ನಾನು ಎಡಗೈ ಚಾಚಿದೆ. ಮೇಡಂ ಅಂಗೈ ಹಿಡಿದು ಟಾರ್ಚ್ ಬೆಳಕಲ್ಲಿ ಬಗ್ಗಿ ನೋಡಿದ್ರು. ಆವಾಗ್ಲೇ ನಾನು ಹೇಳಿದ್ದು, ಹುಬ್ಬು ಕೂದಲೊಳಗೆ ಹೋಗಿದ್ದು. ಅಜ್ಜಿಗೆ ಕುತೂಹಲ ತಡೀಲಿಲ್ಲ. ಕೈರೇಖೆ ಓದ್ತಿದ್ದಾರೆ ಅಂದ್ಕೊಂಡು ಪಕ್ಕಕ್ಕೇ ಬಂದ್ರು. "ಏನಿದೆ ತಾಯೀ ಅವನ ಕೈಯಲ್ಲಿ?"

"ದಡ್ಡತನ ಇದೆ. ಎದ್ದು ಕಾಣ್ತಿದೆ," ಅಂದ್ರು ಮೇಡಂ. "ಆರ್ ಕೂರೋ ಜಾಗದಲ್ಲಿ ಪಿ ಕೂರಿಸಿದ್ದಾನೆ. ಲೋ ಹೆಬ್ಬೆಟ್ಟು, ನಿನ್ನ ಲೆಕ್ಕದ ಪ್ರಕಾರ ವಾಟ್ ಜಾಸ್ತಿ ಆದಷ್ಟೂ ಕರೆಂಟ್ ಕಮ್ಮಿ ಆಗ್ಬೇಕು. ಹಂಗಿದ್ರೆ ಇಡೀ ಹಲಸೂರಿಗೆ ನಿಮ್ಮ ಮನೆಯಿಂದಾನೇ ವೈರ್ ಎಳೀಬಹುದಲ್ಲ? ಎಲ್ಲರೆದುರು ಈಗ ಸರಿಯಾಗಿ ಹೇಳು. ಒಂದು ಲೈಟಿಗೆ ಕರೆಂಟ್ ಎಷ್ಟು?"

ಬಲಗೈ ಹೆಬ್ಬೆಟ್ಟು ತಾನಾಗೇ ಎದ್ದಿತು. ಅದನ್ನ ಮುಷ್ಟಿಯೊಳಗೆ ಮಡಿಸಿ ಇಟ್ಕೊಂಡೆ. "ಸಾವಿರ ವಾಟನ್ನ ಇನ್ನೂರ ಮೂವತ್ತರಿಂದ ಭಾಗಿಸಿದ್ರೆ... ನಾಲ್ಕೂಕಾಲರ ಮೇಲೆ, ಮೇಡಂ. ಎರಡು ಲೈಟಿಗೆ ಎಂಟೂವರೆ ದಾಟತ್ತೆ."

"ಮನೆ ಫ್ಯಾನು, ಟ್ಯೂಬ್‌ಲೈಟು ಬೇರೆ. ಫ್ಯೂಸಲ್ಲಿರೋ ತಂತಿ ಎಷ್ಟರದ್ದು?"

"ಐದು ಆಂಪಿಯರ್."

"ಐದರ ತಂತಿಗೆ ಹತ್ತರ ಹತ್ರ ಹರಿಸಿದ್ರೆ ಅದು ಕರಗತ್ತೆ. ಕರಗಬೇಕು. ಅದು ತನ್ನ ಕೆಲಸ ಮಾಡಿದೆ, ಈ ಮನೇಲಿ ಇವತ್ತು ಬುದ್ಧಿ ಇದ್ದಿದ್ದು ಅದೊಂದಕ್ಕೆ. ಕೊನೇದು. ಆ ಲೈಟಿನ ರೆಸಿಸ್ಟೆನ್ಸ್ ಎಷ್ಟು?"

ವೋಲ್ಟನ್ನ ಕರೆಂಟಿಂದ ಭಾಗಿಸಬೇಕು. ಬಂದ ಉತ್ತರದ ಮುಖ ನೋಡಿದೆ. ಇಸ್ತ್ರಿಪೆಟ್ಟಿಗೆಗೆ ಎಪ್ಪತ್ತು ಬಂದಿತ್ತು, ಇದು ಅದಕ್ಕಿಂತ ಜಾಸ್ತಿ ಕರೆಂಟ್ ಎಳೆಯೋದು, ಅಂದ್ರೆ ಎಪ್ಪತ್ತಕ್ಕಿಂತ ಕಮ್ಮೀನೇ ಇರ್ಬೇಕು. ಸರಿ ಇತ್ತು. ಜೋರಾಗಿ ಹೇಳ್ಬಿಟ್ಟೆ.

"ಐವತ್ಮೂರು ಓಮ್!"

ಅಜ್ಜಿ ಥಟ್ಟನೆ ಎರಡೂ ಕೈ ಎತ್ತಿ ಮುಗಿದ್ರು. "ಓಂ! ಕತ್ತಲಲ್ಲಿ ಹೆದರಿಕೊಂಡಿರೋ ಮಗೂ ಬಾಯಲ್ಲಿ ಓಂಕಾರ ಬಂತಲ್ಲ! ಇನ್ನೇನು ಬೇಕು? ದೀಪಾನೂ ಹಂಗೇ ಉರೀತಿದೆ. ಶಕುನ ಚೆನ್ನಾಗೇ ಇದೆ ಕಣ್ರೋ, ಈ ಹುಡುಗ ಒಬ್ಬ ಸರಿಯಿಲ್ಲ ಅಷ್ಟೇ. ಓದಿ ಪುರೋಹಿತ್ರೇ!"

ನಾನು ಮೇಡಂ ಮುಖ ನೋಡಿದೆ. ಕರೆಂಟ್ ಹೋಯ್ತು ಅಂದ ಗಂಡನ್ನೇ ಕತ್ತಲಲ್ಲಿ ನಿಲ್ಲಿಸಿ ತಿದ್ದೋ ಹೆಂಗಸು ಇವರು. ಅದು ಓಂ ಅಲ್ಲ ಅಜ್ಜಿ, ರೆಸಿಸ್ಟೆನ್ಸಿನ ಅಳತೆ ಅಂತ ಈಗ ಶುರು ಮಾಡ್ತಾರೆ, ಎಲ್ಲಾ ಮತ್ತೆ ಹಾಳಾಗತ್ತೆ ಅಂದ್ಕೊಂಡೆ. ಮೇಡಂ ಬಾಯಿ ತೆಗೆದ್ರು. ಅಕ್ಕನ ಕಡೆ ಒಂದ್ಸಲ ನೋಡಿದ್ರು. ಬಾಯಿ ಮುಚ್ಚಿದ್ರು. ಹುಬ್ಬು ಮಾತ್ರ ಆಡ್ತಾ ಇತ್ತು, ಪಾಪ, ಅದಕ್ಕೆ ಎಷ್ಟು ಸಂಕಟ ಆಯ್ತೋ.

ದೇವರ ದೀಪದ ಬೆಳಕಲ್ಲೇ ಪುರೋಹಿತರು ಅಕ್ಕನ ಹೆಸರು ಓದಿದ್ರು. ಅಷ್ಟರಲ್ಲಿ ನಾನು ಮೇನ್ ಆಫ್ ಮಾಡಿ, ಫ್ಯೂಸ್ ಎಳೆದು, ಯಾವುದೋ ದಪ್ಪ ತಾಮ್ರದ ತಂತಿ ಸುತ್ತಕ್ಕೆ ಹೋದೆ. ಹಿಂದಿನಿಂದ ಕೈಮೇಲೆ ಫಟ್ ಅಂತ ಒಂದು ಬಿತ್ತು. "ಮನೆ ಸುಡೋದೊಂದು ಬಾಕಿ ಇದೆ, ಅಲ್ವಾ?" ಮೇಡಂ ತಮ್ಮ ಮನೆಯಿಂದ ಸರಿಯಾದ ತಂತಿ ತರಿಸಿದ್ರು. ಒಂದು ಹ್ಯಾಲೋಜನ್ ನಮ್ಮ ಮನೆ ಪಾಯಿಂಟಿಗೆ. ಇನ್ನೊಂದಕ್ಕೆ ರಸ್ತೆ ಮೇಲೆ ಹಾಯಿಸಿ ಅವರ ಮನೆಯಿಂದ ವೈರು. ಆ ಮನೆ ಫ್ಯೂಸಿಗೂ ಭಾರ ಆಗ್ಬಾರ್ದು ಅಂತ ಅಲ್ಲಿನ ಲೈಟು, ಫ್ಯಾನು, ಟಿವಿ ಎಲ್ಲಾ ಬಂದ್. ಕ್ರಿಕೆಟ್ ಮ್ಯಾಚಿಗೋಸ್ಕರ ನಿಶ್ಚಿತಾರ್ಥಕ್ಕೂ ಬರದೇ ಮನೇಲೇ ಇದ್ದ ಯಜಮಾನ್ರು, ಫಂಕ್ಷನ್ ಮುಗಿಯೋ ತನಕ ಕತ್ತಲಲ್ಲಿ ವರಾಂಡದಲ್ಲಿ ಕೂತು ವೈರಿಗೆ ನಾಯಿ ಬಾಯಿ ಹಾಕದಂಗೆ ಕಾದ್ರು.

ಊಟ ಆದ್ಮೇಲೆ ಮೇಡಂನ ಗೇಟ್ ತನಕ ಬಿಟ್ಟು ಬರಕ್ಕೆ ಹೋದೆ. "ಮೇಡಂ, ಅಜ್ಜಿ ಓಂ ಅಂದಾಗ ನೀವು ಯಾಕೆ ತಿದ್ಲಿಲ್ಲ?"

"ಅವರು ಪರೀಕ್ಷೆ ಬರೀತಿಲ್ಲ. ನೀನು ಬರೀತಿದ್ದೀಯ. ಹೋಗು, ಓದ್ಕೋ." ಗೇಟ್ ಹಾಕ್ಕೊಂಡ್ರು.

ಪಾಸಾದೆ. ಎಷ್ಟು ಅಂತ ಕೇಳಬೇಡಿ, ಪಾಸಾದೆ. ಅಕ್ಕನಿಗೆ ಈಗ ಇಬ್ಬರು ಮಕ್ಕಳು. ನಾನೀಗ ಬೈಯಪ್ಪನಹಳ್ಳಿ ಹತ್ರ ಯುಪಿಎಸ್ ಮಾರೋ ಅಂಗಡೀಲಿದ್ದೀನಿ. ಜನ ಬಂದು ಎರಡು ಫ್ಯಾನು, ಒಂದು ಟಿವಿ, ನಾಲ್ಕು ಲೈಟು ಅಂತಾರೆ. ನಾನು ವಾಟ್ ಕೂಡಿಸಿ, ಕರೆಂಟ್ ಹಿಡಿದು, ಉತ್ತರದ ಮುಖ ನೋಡಿ ಬ್ಯಾಟರಿ ಹೇಳ್ತೀನಿ. ನನ್ನ ಅನ್ನ ಅದು. ಮೊದಲನೇ ಯುಪಿಎಸ್ ಮೇಡಂ ಮನೆಗೇ ಹಾಕೋಣ ಅಂತ ಹೋಗಿದ್ದೆ. "ನೀನು ಲೆಕ್ಕ ಹಾಕಿದ ಬ್ಯಾಟರಿ ಪಕ್ಕ ನಾನು ನಿದ್ದೆ ಮಾಡ್ಲಾ?" ಅಂದು, ಬಿಸಿ ಕಾಫಿ ಕೊಟ್ಟು ಕಳಿಸಿದ್ರು. ನಾನು ಕುಡಿಯೋ ತನಕ ಗಮನಿಸ್ಲಿಲ್ಲ, ಬಿಸಿ ಇತ್ತು.

ಮೆಟ್ರೋಗೆ ಅಂತ ರಸ್ತೆ ಅಗೀತಿದ್ದ ಕಾಲದಲ್ಲಿ ಮೇಡಂ ತೀರಿಕೊಂಡ್ರು. ಹೆಚ್ಚು ದಿನ ಮಲಗಲಿಲ್ಲ. ಗೋಡೆಗೆ ಹಾಕೋ ಫೋಟೋನ ಸ್ಟುಡಿಯೋದವನು ಕಂಪ್ಯೂಟರಲ್ಲಿ ನೀಟಾಗಿ ಮಾಡಿ, ಎರಡೂ ಹುಬ್ಬು ಸಮ ಮಾಡಿ ಕೊಟ್ಟಿದ್ದ. ಯಜಮಾನ್ರು ಬಹಳ ಹೊತ್ತು ನೋಡಿ, "ಯಾರ್ರೀ ಈ ಹೆಂಗಸು?" ಅಂತ ವಾಪಸ್ ಕಳಿಸಿದ್ರಂತೆ. ವೈಕುಂಠ ಸಮಾರಾಧನೆ ದಿನ ಹಾರ ಹಾಕಿದ್ದ ಫೋಟೋದಲ್ಲಿ ಹುಬ್ಬು ತನ್ನ ಜಾಗದಲ್ಲೇ ಇತ್ತು. ಪಂಕ್ತೀಲಿ ನಮ್ಮ ಹೆಬ್ಬೆಟ್ಟು ಬ್ಯಾಚ್ ಅರ್ಧಕ್ಕರ್ಧ ಬಂದಿತ್ತು, ಕೆಲವರಿಗೆ ತಲೆ ಬೋಳಾಗಿತ್ತು. ಅನ್ನ ಬಡಿಸಿ ಸಾರು ಬರೋ ಹೊತ್ತಿಗೆ ತಲೆ ಮೇಲಿನ ಫ್ಯಾನ್ ನಿಧಾನ ಆಗಿ ನಿಂತುಹೋಯ್ತು.

"ಥೂ, ಕರೆಂಟ್ ಹೋಯ್ತು," ಅಂದೆ ನಾನು, ಬಾಯಿಗೆ ಬಂದಂಗೆ.

ಇಡೀ ಪಂಕ್ತಿ ತುತ್ತು ಹಿಡಿದ ಕೈ ಹಂಗೇ ನಿಲ್ಲಿಸ್ತು. ಎಲ್ಲರೂ ಫೋಟೋ ಕಡೆ ತಿರುಗಿದ್ರು, ಏನೋ ಕೇಳಿಸತ್ತೆ ಅಂತ ಕಾದಂಗೆ.

ಯಜಮಾನ್ರು ತುಪ್ಪದ ಗಿಂಡಿ ಹಿಡ್ಕೊಂಡು ನನ್ನ ಎಲೆ ಮುಂದೆ ಬಂದು ನಿಂತ್ರು. ಕಣ್ಣು ತುಂಬಿತ್ತು, ಆದ್ರೂ ಎಡಹುಬ್ಬನ್ನ ಮೇಲೆತ್ತಕ್ಕೆ ನೋಡ್ತಿದ್ರು, ಆಗ್ತಿರ್ಲಿಲ್ಲ.

"ಯಾವುದು ಹೋಯ್ತು, ಸರಿಯಾಗಿ ಹೇಳೋ ಹೆಬ್ಬೆಟ್ಟು," ಅಂದ್ರು.